ಪಿಂಚಣಿ, ರೇಷನ್, ಆಸ್ಪತ್ರೆ ಎಲ್ಲ ಉಂಟು, ಆದರೂ ಮನಸ್ಸು ಯಾಕೆ ಕುಸಿಯುತ್ತದೆ? (ಕಾಸರಗೋಡಿನವರು ಹೇಳಿ)

ನೀರ್ಚಾಲಿನವ (ಚರ್ಚೆ ಶುರು ಮಾಡಿದವರು)

ಮೊನ್ನೆ ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪ, ಕುಡಿಯುವ ನೀರು, ಹಂದಿ ಕಾಟ ಎಲ್ಲ ಮುಗಿದ ಮೇಲೆ ಒಬ್ಬರು ಎದ್ದು ನಿಂತರು. ಮಾನಸಿಕ ಆರೋಗ್ಯಕ್ಕೆ ಈ ವರ್ಷ ಎಂತ ಇಟ್ಟಿದ್ದೀರಿ ಅಂತ ಕೇಳಿದರು. ಸಭೆಯಲ್ಲಿ ನಗು. ಹಿಂದಿನ ಸಾಲಿನಿಂದ ಯಾರೋ "ಯಾರಿಗೆ ಮರ್ಲು (ಹುಚ್ಚು)?" ಅಂದರು. ವಿಷಯ ಅಲ್ಲಿಗೆ ಮುಗಿಯಿತು. ಹಂದಿಗೆ ಅರ್ಧ ಗಂಟೆ, ಮನಸ್ಸಿಗೆ ಅರ್ಧ ನಿಮಿಷ.

ನನಗೆ ಮಾತ್ರ ಆ ಪ್ರಶ್ನೆ ಬಿಡುತ್ತಿಲ್ಲ. ಬೇರೆ ರಾಜ್ಯದವರು ಬಂದು ನೋಡಿ ಹೋಗುವಷ್ಟು ಸವಲತ್ತು ನಮ್ಮ ಕೇರಳದಲ್ಲಿ ಉಂಟು. ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಪಿಂಚಣಿ. 50 ದಾಟಿದ ಮದುವೆಯಾಗದ ಹೆಂಗಸರಿಗೂ ಪಿಂಚಣಿ. ಬಹಳ ವರ್ಷ 1600 ಇದ್ದದ್ದು 2025ರ ನವೆಂಬರಿನಿಂದ 2000 ರೂಪಾಯಿ ಆಗಿದೆ. ರೇಷನ್ ಉಂಟು, ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ ಉಂಟು, ಮನೆ ಕಟ್ಟಿಕೊಡುವ ಲೈಫ್ ಯೋಜನೆ ಉಂಟು. ಆದರೂ 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ನೋಡಿ. ಕೇರಳದಲ್ಲಿ ಲಕ್ಷ ಜನರಿಗೆ 28.5 ಆತ್ಮಹತ್ಯೆ. ದೇಶದ ಸರಾಸರಿ 12.4. ಎರಡು ಪಟ್ಟಿಗಿಂತ ಜಾಸ್ತಿ.

ಹಾಗಾದರೆ ಕೈಗೆ ಬರುವ ಹಣಕ್ಕೂ ಮನಸ್ಸಿನ ಆರೋಗ್ಯಕ್ಕೂ ಸಂಬಂಧವೇ ಇಲ್ಲವಾ? ಅಥವಾ ಹಣ ಬರುವ ರೀತಿಯಲ್ಲೇ ಏನಾದರೂ ತಪ್ಪಿದೆಯಾ? ನಿಮ್ಮ ಮನೆ ಹತ್ತಿರ, ಕೆಲಸದ ಜಾಗದಲ್ಲಿ ನೋಡಿದ್ದನ್ನು ಬರೆಯಿರಿ. ಪಾರ್ಟಿ ಜಗಳ ಬೇಡ ದಯವಿಟ್ಟು.

ಅಡಿಕೆ ಮಂಡಿ

ಪಾರ್ಟಿ ಜಗಳ ಬೇಡ ಅಂದರೆ ಕಾಸರಗೋಡಿನಲ್ಲಿ ಮಾತಾಡುವುದೇ ಬೇಡ ಅಂದ ಹಾಗೆ 😀

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎಲ್ಲದಕ್ಕೂ ಸರ್ಕಾರದ ಮುಖ ನೋಡುವುದೇ ರೋಗ. ನಮ್ಮ ಅಜ್ಜನ ಕಾಲದಲ್ಲಿ ಪಿಂಚಣಿ ಇತ್ತಾ? ಡಿಪ್ರೆಶನ್ ಇತ್ತಾ? ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ಸಂಜೆ ನಿದ್ದೆ ಬರುತ್ತಿತ್ತು. ಮನೆಯಲ್ಲಿ ಇಪ್ಪತ್ತು ಜನ. ಬೇಜಾರು ಮಾಡಿಕೊಳ್ಳಲು ಒಂದು ಮೂಲೆ ಕೂಡ ಸಿಗುತ್ತಿರಲಿಲ್ಲ. ಈಗ ಒಬ್ಬೊಬ್ಬರಿಗೆ ಒಂದೊಂದು ರೂಮು, ಒಂದೊಂದು ಮೊಬೈಲು. ಮಹಾಳಿ (ಕೊಳೆರೋಗ) ಬಂದು ಅಡಿಕೆ ಉದುರಿದ ವರ್ಷ ನಾವು ಸತ್ತೆವಾ? ಮುಂದಿನ ವರ್ಷಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದೆವು, ಅಷ್ಟೇ.

ಆಶಾ ಅಕ್ಕ

ಭಟ್ರೇ, ನಿಮ್ಮ ಅಜ್ಜನ ಕಾಲದಲ್ಲೂ ಇತ್ತು. ದೊಡ್ಡ ಮನೆಗಳಲ್ಲಿ ಹಿಂದಿನ ಕೋಣೆಯಲ್ಲಿ ಒಬ್ಬ ಚಿಕ್ಕಪ್ಪನೋ ಅತ್ತೆಯೋ ಇರುತ್ತಿದ್ದರು. ನೆಂಟರು ಬಂದರೆ ಆ ಬಾಗಿಲಿಗೆ ಚಿಲಕ. ಊಟ ಮಾತ್ರ ತಪ್ಪುತ್ತಿರಲಿಲ್ಲ, ಅದು ನಿಜ. ಆ ಇಪ್ಪತ್ತು ಜನರಲ್ಲಿ ಯಾರೋ ಒಬ್ಬರು ಅನ್ನ ಇಡುತ್ತಿದ್ದರು. ಈಗ ಆ ಅನ್ನ ಇಡುವವರು ಯಾರು ಅನ್ನುವುದೇ ಪ್ರಶ್ನೆ.

ನಾನು ಆಶಾ ಕೆಲಸದಲ್ಲಿದ್ದೇನೆ. ವಾರ್ಡಿನ ಹೆಸರು ಹೇಳುವುದಿಲ್ಲ. ಮನೆ ಮನೆಗೆ ಹೋದಾಗ ಮಾತ್ರೆಯ ಪಟ್ಟಿ ತೋರಿಸಿ ಅನ್ನುತ್ತೇನೆ. ಬಿಪಿ, ಶುಗರ್‌ನದ್ದು ತಕ್ಷಣ ತರುತ್ತಾರೆ. ಮನಸ್ಸಿನ ಮಾತ್ರೆ ಇದ್ದರೆ ಒಳಗಿಂದ ಬರಲು ಹೊತ್ತಾಗುತ್ತದೆ. ಅಕ್ಕಿ ಡಬ್ಬದ ಹಿಂದೆ, ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತಾರೆ. ಒಬ್ಬಾಕೆಯ ಪಟ್ಟಿ ನೋಡಿದೆ. ಕತ್ತರಿಯಲ್ಲಿ ಒಂದೊಂದೇ ಮಾತ್ರೆ ಕತ್ತರಿಸಿ, ಅದನ್ನು ಮತ್ತೆ ಎರಡು ತುಂಡು ಮಾಡಿ, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದರು. ಯಾಕಕ್ಕಾ ಅಂದೆ. "ತಿಂಗಳಿನದ್ದು ಎರಡು ತಿಂಗಳು ಬರಬೇಕಲ್ವಾ" ಅಂದರು. ಮಾತ್ರೆ ಧರ್ಮಕ್ಕೇ ಸಿಗುತ್ತದೆ. ಆದರೆ ತರಲು ಹೋಗಬೇಕಾದರೆ ಅವತ್ತಿನ ಕೂಲಿ ಹೋಯಿತು, ಮೇಲಿಂದ ಬಸ್ಸಿಗೆ, ಮತ್ತೆ ಆಟೋಗೆ ಕೊಡಬೇಕು. ಪಿಂಚಣಿ ಬಂದ ತಿಂಗಳು ಹೋಗುತ್ತಾರೆ. ಬಾರದ ತಿಂಗಳು ಅರ್ಧ ಮಾತ್ರೆ. ಅರ್ಧ ಮಾತ್ರೆಯ ತಿಂಗಳಲ್ಲಿ ನಿದ್ದೆ ಹೋಗುತ್ತದೆ, ನಿದ್ದೆ ಹೋದ ಮೇಲೆ ಕೆಲಸ ಹೋಗುತ್ತದೆ.

2023-24ರಲ್ಲಿ ಪಿಂಚಣಿ ತಿಂಗಳುಗಟ್ಟಲೆ ಬಾಕಿ ಬಿದ್ದಿತ್ತು, ನೆನಪಿರಬಹುದು. ಆಗ ನಾನು ಹೋದಲ್ಲೆಲ್ಲ ಒಂದೇ ಪ್ರಶ್ನೆ, "ಈ ತಿಂಗಳು ಬರ್ತದಾ?" ದುಡ್ಡು ಕಡಿಮೆ ಅಂತ ಯಾರೂ ಕೇಳಲಿಲ್ಲ. ಯಾವಾಗ ಅಂತ ಗೊತ್ತಿಲ್ಲದ್ದೇ ಅವರನ್ನು ತಿನ್ನುತ್ತಿತ್ತು. ಅಂಗಡಿಯವನಿಗೆ ಎಂತ ಹೇಳುವುದು? ಇಂಥ ದಿನ ಕೊಡುತ್ತೇನೆ ಅನ್ನುವ ಒಂದು ಮಾತು ಕೈಯಲ್ಲಿದ್ದರೆ ಮುಖ ಎತ್ತಿ ನಡೆಯಬಹುದು.

ನಮ್ಮದೂ ಸ್ವಲ್ಪ ಹೇಳಿಬಿಡುತ್ತೇನೆ. 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಆಶಾದವರು ತಿಂಗಳುಗಟ್ಟಲೆ ಕೂತದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಆಗ ಗೌರವಧನ 7000 ರೂಪಾಯಿ. ಊರಿನವರ ಮನಸ್ಸು ನೋಡಿಕೊಳ್ಳಿ ಅಂತ ನಮಗೆ ಹೇಳುತ್ತಾರೆ. ನಮ್ಮದನ್ನು ಯಾರು ನೋಡುವುದು?

ಉಪ್ಪಳ ಪ್ಯಾಸೆಂಜರ್

ಅಕ್ಕಾ, ಹಾರ್ಲಿಕ್ಸ್ ಬಾಟಲಿ ಓದಿ ಒಮ್ಮೆ ಫೋನ್ ಕೆಳಗಿಟ್ಟೆ.

ಪೈವಳಿಕೆ ಮಾಷ್ಟ್ರು

ನೀರ್ಚಾಲಿನವರ ಪ್ರಶ್ನೆಗೆ ಹಳೇ ಅಧ್ಯಯನವೊಂದು ನೆನಪಾಗುತ್ತದೆ. ಆಸ್ಟ್ರಿಯಾ ದೇಶದ ಮರಿಯಂಥಾಲ್ ಅನ್ನುವ ಊರು. ಅಲ್ಲಿ ಇದ್ದದ್ದೇ ಒಂದು ನೂಲಿನ ಗಿರಣಿ. ಅದು ಮುಚ್ಚಿತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮರೀ ಯಹೋಡಾ ಎಂಬಾಕೆ ಮತ್ತು ಜೊತೆಗಾರರು 1931-32ರಲ್ಲಿ ಅಲ್ಲಿಗೆ ಹೋಗಿ ಜನರ ದಿನಚರಿ ಬರೆದುಕೊಂಡರು.

ಅವರು ಕಂಡದ್ದು ವಿಚಿತ್ರ. ಕೆಲಸ ಇಲ್ಲದ ಮೇಲೆ ಪುರುಸೊತ್ತು ಜಾಸ್ತಿ, ಪುಸ್ತಕ ಓದಬಹುದಿತ್ತು. ಆದರೆ ಊರಿನ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಬೀದಿಯಲ್ಲಿ ಗಂಡಸರು ನಡೆಯುವ ವೇಗವನ್ನೂ ಗಮನಿಸಿದರು. ನಿಧಾನವಾಗಿತ್ತು, ದಾರಿಯಲ್ಲಿ ಸುಮ್ನೆ ನಿಲ್ಲುವುದು ಜಾಸ್ತಿಯಾಗಿತ್ತು. ಹೆಂಗಸರಿಗೆ ಮನೆಗೆಲಸ ಇದ್ದೇ ಇತ್ತಲ್ಲ, ಅವರು ಬೇಗ ನಡೆಯುತ್ತಿದ್ದರು. ಗಂಡಸರಿಗೆ ದಿನದಲ್ಲಿ ಎಂತ ಮಾಡಿದಿರಿ ಅಂದರೆ ಹೇಳಲು ಹೆಚ್ಚೇನೂ ಇರಲಿಲ್ಲ.

ಕುಂಬಳೆ ಪೇಟೆಯಲ್ಲಿ, ಉಪ್ಪಳದಲ್ಲಿ, ಗಲ್ಫ್‌ನಿಂದ ಬಂದು ಮತ್ತೆ ಹೋಗಲಾಗದ ನಮ್ಮ ಹುಡುಗರು ಕಟ್ಟೆ ಮೇಲೆ ಕೂರುವುದನ್ನು ನೋಡುವಾಗ ನನಗೆ ಆ ಬೀದಿಯೇ ಕಣ್ಣಿಗೆ ಬರುತ್ತದೆ. ಅವರಿಗೆ ಊಟಕ್ಕೆ ತತ್ವಾರ ಇಲ್ಲ. ಬೆಳಿಗ್ಗೆ ಎದ್ದು ಹೋಗಬೇಕಾದ ಜಾಗ ಇಲ್ಲ. 2005ರ ಉದ್ಯೋಗ ಖಾತ್ರಿ ಕಾನೂನು ಬಂದ ಮೇಲೆ ನಮ್ಮ ವಾರ್ಡಿನ ಹೆಂಗಸರಲ್ಲಿ ಬದಲಾವಣೆ ಕಂಡೆ. ಕೂಲಿ ಸಿಕ್ಕಿತು, ಅದರ ಜೊತೆ ಎಂಟು ಗಂಟೆಗೆ ಬುತ್ತಿ ಹಿಡಿದು ಹೊರಡುವ ಒಂದು ಹೊತ್ತು ಸಿಕ್ಕಿತು. ನನ್ನ ಅಂದಾಜಿಗೆ ಸವಲತ್ತು ಅನ್ನುವುದು ಹಣ ಮಾತ್ರ ಆಗಬಾರದು.

ಅಡಿಕೆ ಮಂಡಿ

ಮಾಷ್ಟ್ರೇ, ನಾನು ಹೇಳಿದ್ದೂ ಅದೇ ಅಲ್ವಾ? ಕೆಲಸ ಬೇಕು!

ಪೈವಳಿಕೆ ಮಾಷ್ಟ್ರು

ಹೌದು, ಆದರೆ ಆ ಕೆಲಸವನ್ನು ಕೊಟ್ಟದ್ದು ಕೂಡ ಸರ್ಕಾರವೇ 🙂

ದುಬೈ ಟು ಉಪ್ಪಳ

ಕಟ್ಟೆ ಮೇಲೆ ಕೂತವರಲ್ಲಿ ನಾನೂ ಒಬ್ಬ, ಮಾಷ್ಟ್ರೇ. ಹಾಗಾಗಿ ಒಳಗಿನ ಸುದ್ದಿ ಹೇಳುತ್ತೇನೆ.

ಕೊರೊನಾ ಸಮಯದಲ್ಲಿ ಕೆಲಸ ಹೋಗಿ ಬಂದೆ. ಬಂದ ಹೊಸದರಲ್ಲಿ ಎಲ್ಲರೂ ವಿಚಾರಿಸುತ್ತಾರೆ. "ಯಾವಾಗ ಹೋಗುವುದು?" ಮೂರು ತಿಂಗಳಾದ ಮೇಲೂ ಅದೇ ಪ್ರಶ್ನೆ. ಆರು ತಿಂಗಳಾದ ಮೇಲೆ ಕೇಳುವುದು ನಿಲ್ಲುತ್ತದೆ. ಕೇಳುವುದು ನಿಂತದ್ದೇ ಹೆಚ್ಚು ಕಷ್ಟ. ಮದುವೆಗೆ ಹೋಗಲು ಮನಸ್ಸಾಗುವುದಿಲ್ಲ, ಯಾಕೆಂದರೆ ಮೊದಲು ಕೊಡುತ್ತಿದ್ದಷ್ಟು ಕೊಡಲು ಆಗುವುದಿಲ್ಲ. ಮಸೀದಿಗೆ ಹೋದರೂ ಹಿಂದಿನ ಸಾಲಿನಲ್ಲಿ ನಿಂತು ಬೇಗ ಹೊರಗೆ ಬರುತ್ತಿದ್ದೆ.

ನಮ್ಮ ಮನೆಯದ್ದು ಬಿಳಿ ರೇಷನ್ ಕಾರ್ಡು, ಅನುಕೂಲಸ್ಥರದ್ದು. ದೊಡ್ಡ ಮನೆ ಕಟ್ಟಿದವ ಅಂತ ಯಾವ ಸವಲತ್ತಿನ ಪಟ್ಟಿಗೂ ನಾನು ಬರುವುದಿಲ್ಲ. ಮನೆ ನೋಡಿ ಕಾರ್ಡಿನ ಬಣ್ಣ ಹೇಳುತ್ತಾರೆ. ಆ ಮನೆಯ ಮೇಲೆ ಎಷ್ಟು ಸಾಲ ಉಂಟು ಅಂತ ಗೋಡೆಯ ಮೇಲೆ ಬರೆದಿರುವುದಿಲ್ಲವಲ್ಲ. ಬಡವರ ಗುಲಾಬಿ ಕಾರ್ಡು ಕೇಳಲು ಹೋಗುವ ಧೈರ್ಯ ನನಗಿಲ್ಲ, ಕೊಡುವ ಮನಸ್ಸು ಅವರಿಗಿಲ್ಲ.

ನನ್ನನ್ನು ಸ್ವಲ್ಪ ಎಬ್ಬಿಸಿದ್ದು ಒಂದು ಫೋನ್ ಕರೆ. ಕ್ವಾರಂಟೈನ್‌ನಲ್ಲಿದ್ದವರಿಗೆ "ಒಟ್ಟಯ್ಕಲ್ಲ ಒಪ್ಪಮುಂಡ್" (ಒಬ್ಬರೇ ಅಲ್ಲ, ಜೊತೆಗಿದ್ದೇವೆ) ಅಂತ ಕೌನ್ಸೆಲರ್‌ಗಳು ಫೋನ್ ಮಾಡುತ್ತಿದ್ದ ಕಾರ್ಯಕ್ರಮ ಇತ್ತಲ್ಲ, ಆಗ ಒಬ್ಬರು ಮಾಡಿದ್ದರು. ಹುಡುಗಿ ನನ್ನ ಮಗಳ ಪ್ರಾಯದವಳಿರಬೇಕು. ಊಟ ಆಯ್ತಾ, ನಿದ್ದೆ ಬರ್ತದಾ ಅಂತ ಕೇಳಿದಳು. ನಾನು ಎಲ್ಲ ಸರಿ ಉಂಟು ಅಂದೆ. ಇಟ್ಟುಬಿಡುತ್ತಾಳೆ ಅಂದುಕೊಂಡೆ. "ನಾಳೆಯೂ ಮಾಡಲಾ?" ಅಂದಳು. ಮಾಡಿದಳು.

ಗಡಿ ಸೋಶಿಯಲ್ ವರ್ಕರ್

ನಾನು ಮಂಜೇಶ್ವರದವಳು. ಮನೋರೋಗ ವಿಭಾಗದಲ್ಲಿ ಸೋಶಿಯಲ್ ವರ್ಕರ್. ಕೆಲವು ವಿಷಯ ಸೇರಿಸುತ್ತೇನೆ.

ಮೊದಲು ಆ 28.5. ಅದೇ ಪಟ್ಟಿಯಲ್ಲಿ ಬಿಹಾರದ ಪ್ರಮಾಣ 0.6. ಅಲ್ಲಿಯವರು ನಮಗಿಂತ ಹತ್ತಿರ ಹತ್ತಿರ ಐವತ್ತು ಪಟ್ಟು ಸುಖವಾಗಿದ್ದಾರೆ ಅಂತ ಯಾರಾದರೂ ನಂಬುತ್ತೀರಾ? ಸಾವು ಹೇಗೆ ದಾಖಲಾಗುತ್ತದೆ ಅನ್ನುವುದೂ ಆ ಅಂಕಿಯೊಳಗೆ ಸೇರಿದೆ. ಹಾಗಂತ ಕೇರಳದ ಕಷ್ಟ ಸುಳ್ಳಲ್ಲ. ದೇಶದ ಒಟ್ಟು ಲೆಕ್ಕದಲ್ಲಿ 2022ರಲ್ಲಿ ಕಾರಣ ಅಂತ ಬರೆದದ್ದರಲ್ಲಿ ಶೇ. 31.7 ಕುಟುಂಬದ ಸಮಸ್ಯೆ, ಶೇ. 18.4 ಕಾಯಿಲೆ. ಸತ್ತವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ದಿನಗೂಲಿಯವರು. "ಕುಟುಂಬದ ಸಮಸ್ಯೆ" ಅನ್ನುವ ಆ ಒಂದು ಸಾಲಿನ ಕೆಳಗೆ ಸಾಲ, ಕುಡಿತ, ಕೆಲಸ ಇಲ್ಲದ್ದು, ಹೊಡೆತ ಎಲ್ಲ ಅಡಗಿ ಕೂತಿರುತ್ತದೆ.

ಎರಡನೆಯದ್ದು, ಹಣ ಕೊಟ್ಟರೆ ಸೋಮಾರಿಗಳಾಗುತ್ತಾರೆ ಅನ್ನುವವರಿಗೆ. ಫಿನ್ಲೆಂಡಿನಲ್ಲಿ 2017 ಮತ್ತು 2018ರಲ್ಲಿ ಕೆಲಸವಿಲ್ಲದ 2000 ಜನರಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿದರು. ಕೆಲಸ ಹುಡುಕಿದ್ದೀರಾ ಅಂತ ಲೆಕ್ಕ ಕೇಳಲಿಲ್ಲ, ಕೆಲಸ ಸಿಕ್ಕರೂ ಹಣ ನಿಲ್ಲಿಸಲಿಲ್ಲ. ಕೆಲಸಕ್ಕೆ ಹೋಗುವುದರಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ, ಸೋಮಾರಿಗಳಂತೂ ಆಗಲಿಲ್ಲ. ಮನಸ್ಸಿನ ಒತ್ತಡ ಮಾತ್ರ ಉಳಿದವರಿಗಿಂತ ಕಡಿಮೆ ಇತ್ತು.

ಮೂರನೆಯದ್ದು ನಮ್ಮ ಗಡಿಯವರದ್ದೇ ತೊಂದರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬಂದು ಕ್ಲಿನಿಕ್ ನಡೆಸುತ್ತದೆ. ಅದು ಒಳ್ಳೆಯದು. ಅದಕ್ಕೆ ದಾರಿ ತೋರಿಸಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ, ಇದು ನಮ್ಮವರಿಗೆ ಗೊತ್ತಿರುವುದು ಕಡಿಮೆ. ಆದರೆ ಕ್ಲಿನಿಕ್‌ನಲ್ಲಿ ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ, ಅಮ್ಮನಿಗೆ ತುಳು ಕನ್ನಡ ಮಾತ್ರ ಬರುತ್ತದೆ. ಮಗ ನಡುವೆ ನಿಂತು ಹೇಳುತ್ತಾನೆ. ಈಗ ಅಮ್ಮನ ಕಷ್ಟ ಇರುವುದೇ ಮಗನಿಂದ ಅಂತಾದರೆ ಅವರು ಎಂತ ಹೇಳಬೇಕು? ಕೆಮ್ಮಿಗೆ, ಮೊಣಕಾಲು ನೋವಿಗೆ ಹೀಗೆ ನಡೆಯುತ್ತದೆ. ಮನಸ್ಸಿನ ವಿಷಯಕ್ಕೆ ನಡೆಯುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡ ಆಯ್ಕೆ ಉಂಟು, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಕೇರಳದ ದಿಶಾ 1056 ಕೂಡ ಉಂಟು. ಇದನ್ನು ಓದುವ ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಈ ಚರ್ಚೆ ಆಮೇಲೆ ಓದಿ, ಮೊದಲು ಅಲ್ಲಿಗೆ ಫೋನ್ ಮಾಡಿ.

ಅಡಿಕೆ ಮಂಡಿ

ಫಿನ್ಲೆಂಡಿನಲ್ಲಿ ಮಂಡಿ ಇಲ್ಲ, ಬಿಡಿ. ನಮ್ಮ ಕಡೆ ನಾನು ನೋಡಿದ್ದು ಹೇಳುತ್ತೇನೆ. ಪಿಂಚಣಿ ಬಂದ ದಿನ ಸಂಜೆ ಬಿವರೇಜಸ್ (ಸರ್ಕಾರಿ ಮದ್ಯದಂಗಡಿ) ಮುಂದಿನ ಕ್ಯೂ ಉದ್ದ. ಅಮ್ಮನ ಪಿಂಚಣಿಯನ್ನು ಮಗ ಕುಡಿದ ಉದಾಹರಣೆ ಒಂದಲ್ಲ. ಇದಕ್ಕೆ ಎಂತ ಹೇಳುತ್ತೀರಿ?

ಬೀಡಿಎಲೆ

ನಾನು ಹೇಳುತ್ತೇನೆ ಅಣ್ಣ. ಕುಡಿಯುವವ ಪಿಂಚಣಿ ಇಲ್ಲದಿದ್ದಾಗ ಕುಡಿಯುವುದಿಲ್ಲವಾ? ಆಗ ಅಮ್ಮನ ಕಿವಿಯದ್ದು ಹೋಗುತ್ತದೆ.

ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದೇನೆ. ಮೊದಲು ನಾಲ್ಕೈದು ಮನೆಯವರು ಒಂದೇ ಜಗಲಿಯಲ್ಲಿ ಕೂತು ಕಟ್ಟುತ್ತಿದ್ದೆವು. ಮಡಿಲಲ್ಲಿ ಗೆರಸೆ, ಬಾಯಲ್ಲಿ ಊರ ಸುದ್ದಿ. ಯಾರ ಮನೆಯಲ್ಲಿ ಎಂತ ಆಯ್ತು ಅಂತ ಎಲ್ಲ ಅಲ್ಲೇ ಬರುತ್ತಿತ್ತು, ಅಲ್ಲೇ ಅತ್ತು ಅಲ್ಲೇ ನಗುತ್ತಿದ್ದೆವು. ಈಗ ಎಲೆ, ಹೊಗೆಸೊಪ್ಪು ಎಲ್ಲ ಕಡಿಮೆ ಕೊಡುತ್ತಾರೆ, ಕಟ್ಟುವವರೂ ಕಡಿಮೆ. ಒಬ್ಬಳೇ ಟಿವಿ ಮುಂದೆ ಕೂತು ಕಟ್ಟುವುದು.

ಬೀಡಿ ಕಟ್ಟಿ ಕಟ್ಟಿ ನಮ್ಮ ಹೆಬ್ಬೆಟ್ಟಿನ ಗೆರೆ ಸವೆದಿದೆ. ಪಿಂಚಣಿಗೆ ಮಸ್ಟರಿಂಗ್ ಅಂತ ಮಾಡುತ್ತಾರಲ್ಲ, ಬದುಕಿದ್ದೀರಿ ಅಂತ ತೋರಿಸುವುದು, ಅದಕ್ಕೆ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಬೆರಳಿಟ್ಟರೆ ಮಿಷನ್ ತೆಗೆದುಕೊಳ್ಳುವುದಿಲ್ಲ. ತೊಳೆದು ಸೆರಗಿಗೆ ಒರೆಸಿ ಮತ್ತೆ ಇಟ್ಟರು, ಕೆಂಪು ದೀಪ. ಬೇರೆ ಬೆರಳು ಇಟ್ಟರು, ಕೆಂಪು ದೀಪ. ಹಿಂದೆ ನಿಂತವರು ಗೊಣಗಲು ಶುರು. ಅತ್ತೆ ನನ್ನ ಮುಖ ನೋಡಿ, "ಹಾಗಾದರೆ ನಾನು ಸತ್ತಿದ್ದೇನಾ?" ಅಂದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ಕಡೆಗೆ ಕಣ್ಣು ತೋರಿಸಿ ಆಯಿತು. ಅವತ್ತು ರಾತ್ರಿ ಊಟ ಬೇಡ ಅಂದು ಮಲಗಿದರು.

ಕುಟುಂಬಶ್ರೀ ಬಗ್ಗೆ ಯಾರೂ ಬರೆಯಲಿಲ್ಲ. 1998ರಲ್ಲಿ ಶುರುವಾದದ್ದು. ನಮ್ಮ ನೆರೆಕರೆಯ ಗುಂಪು, ಅಂದರೆ ಅಯಲ್‌ಕೂಟ ಇಲ್ಲದಿದ್ದರೆ ನಾನು ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಕೂತು ಉಳಿತಾಯದ ದುಡ್ಡು ಎಣಿಸುವುದು, ಚಾ ಕುಡಿಯುವುದು. ಯಾರಾದರೂ ಎರಡು ವಾರ ಬರಲಿಲ್ಲ ಅಂದರೆ ಮನೆಗೆ ಹೋಗಿ ನೋಡುತ್ತೇವೆ. ಇದನ್ನು ಯಾವ ಡಾಕ್ಟರೂ ಮಾಡುವುದಿಲ್ಲ. ಆದರೆ ಗುಂಪಿನ ಸಾಲದಲ್ಲಿ ಇನ್ನೊಂದು ಮುಖವೂ ಉಂಟು. ಖಾಸಗಿ ಫೈನಾನ್ಸಿನವರು ವಾರದ ಕಂತಿಗೆ ಬರುತ್ತಾರೆ, ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲ ಅವಳ ಜಗಲಿಯಲ್ಲಿ ಕೂರಬೇಕು. ಕಷ್ಟ ಹೇಳಿಕೊಳ್ಳುತ್ತಿದ್ದ ಗೆಳತಿಯರೇ ವಸೂಲಿಗೆ ಬಂದು ಕೂತರೆ ಆ ಹೆಂಗಸು ಮತ್ತೆ ಯಾರ ಹತ್ತಿರ ಹೇಳಬೇಕು?

ನನ್ನ ತಂಗಿಯನ್ನು ವಿಟ್ಲದ ಕಡೆ ಕೊಟ್ಟದ್ದು. ಅವಳಿಗೆ ಗೃಹಲಕ್ಷ್ಮಿ 2000 ಬರುತ್ತದೆ. ಅಲ್ಲೂ ಒಂದೊಂದು ಸಲ ತಡ. ಆದರೆ ಅವಳು ಹೇಳುವುದು ಕೇಳಿ: "ಅಕ್ಕ, ಈಗ ಸಾಬೂನಿಗೆ ಗಂಡನ ಹತ್ತಿರ ಕೇಳುವುದು ಬೇಡ." ತಲಪಾಡಿಯ ಆಚೆ ಅವಳಿಗೆ ಬಸ್ಸೂ ಫ್ರೀ. ಈಚೆಗೆ ಬರಬೇಕಾದರೆ ದುಡ್ಡು ಕೊಟ್ಟು ಬರುತ್ತಾಳೆ, ಅದಕ್ಕೆ ನಾನೇ ಹೆಚ್ಚು ಹೋಗುವುದು 😀

ಉಪ್ಪಳ ಪ್ಯಾಸೆಂಜರ್

ತಲಪಾಡಿ ಅಂದಾಗ 2020ರ ಮಾರ್ಚ್ ನೆನಪಾಗುತ್ತದೆ. ಕೊರೊನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಕಡೆಯ ಎಷ್ಟೋ ರೋಗಿಗಳು ತೀರಿಹೋದರು. ಈಗಲೂ ಮನೆಯಲ್ಲಿ ಯಾರಿಗಾದರೂ ಎದೆನೋವು ಅಂದರೆ ಅಮ್ಮ ಮೊದಲು ಕೇಳುವುದು, "ಗೇಟು ತೆರೆದಿದೆಯಾ?" ಅಂತ. ಗೇಟೇ ಇಲ್ಲ ಈಗ.

ಎಣ್ಮಕಜೆ

ಬರೆಯುವುದಾ ಬೇಡವಾ ಅಂತ ಎರಡು ದಿನ ನೋಡಿದೆ.

ನಮ್ಮದು ಗೇರು ತೋಟದ ಪಕ್ಕದ ಊರು. ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ. 2000ನೇ ಇಸವಿಯಲ್ಲಿ ನಿಂತಿತು. ಆ ಹೊತ್ತಿಗೆ ತಮ್ಮ ಹುಟ್ಟಿಯಾಗಿತ್ತು. ಈಗ ಅವನಿಗೆ ಮೂವತ್ತರ ಹತ್ತಿರ. ಮಾತಿಲ್ಲ, ತಾನಾಗಿ ಉಣ್ಣುವುದಿಲ್ಲ, ಕೆಲವು ರಾತ್ರಿ ಕೂಗುತ್ತಾನೆ.

ಹೊರಗಿನವರು ಬಂದರೆ ತಮ್ಮನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಮ್ಮನನ್ನು ಯಾರೂ ನೋಡುವುದಿಲ್ಲ. ಅಮ್ಮ ಇಷ್ಟು ವರ್ಷದಲ್ಲಿ ಒಂದು ಮದುವೆಯ ಊಟಕ್ಕೆ ಪೂರ್ತಿ ಕೂತದ್ದಿಲ್ಲ. ಯಕ್ಷಗಾನದ ಆಟ ನೋಡುವುದೆಂದರೆ ಪ್ರಾಣ ಇತ್ತಂತೆ. ಈಗ ಮೈಕಿನಲ್ಲಿ ಚೆಂಡೆ ಕೇಳಿದರೆ ಕಿಟಕಿ ಹಾಕುತ್ತಾರೆ, ತಮ್ಮ ಬೆಚ್ಚುತ್ತಾನೆ ಅಂತ.

ಎಂಡೋಸಲ್ಫಾನ್ ಸಂತ್ರಸ್ತರ ಪರಿಹಾರದ ಕಥೆ ನಿಮಗೆ ಗೊತ್ತು. 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ಮೂರು ತಿಂಗಳ ಗಡುವು ಹಾಕಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ನೋಡಿದಾಗ 3704 ಜನರಲ್ಲಿ ಸಿಕ್ಕಿದ್ದು 8 ಜನರಿಗೆ. ಕೋರ್ಟ್ ಗದರಿಸಿದ ಮೇಲೆ ಉಳಿದವರಿಗೂ ಬರತೊಡಗಿತು. ಆ ಐದು ವರ್ಷ ನಮ್ಮ ಮನೆಯಲ್ಲಿ ಒಂದು ಬಟ್ಟೆ ಚೀಲ ಇತ್ತು. ಆಧಾರ್, ಮೆಡಿಕಲ್ ಕ್ಯಾಂಪಿನ ಚೀಟಿ, ಫೋಟೋ, ರೇಷನ್ ಕಾರ್ಡಿನ ಜೆರಾಕ್ಸ್. ಅಮ್ಮ ಎಲ್ಲಿಗೆ ಹೋದರೂ ಅದು ಹೆಗಲಲ್ಲಿ. ಯಾರು ಯಾವಾಗ ಎಂತ ಕೇಳುತ್ತಾರೋ ಗೊತ್ತಿಲ್ಲವಲ್ಲ. ಒಂದು ಕಚೇರಿಯಲ್ಲಿ ತಮ್ಮನನ್ನು ಎತ್ತಿಕೊಂಡು ಮೇಲಿನ ಮಾಳಿಗೆಗೆ ಬನ್ನಿ ಅಂದಿದ್ದರು. ಮಗನಿಗೆ ಕಾಯಿಲೆ ಉಂಟು ಅಂತ ಮತ್ತೆ ಮತ್ತೆ ಸಾಬೀತು ಮಾಡುವಾಗ ಅಮ್ಮನ ಮುಖ ಹೇಗಾಗುತ್ತಿತ್ತು ಅಂತ ನನಗೆ ಬರೆಯಲು ಬರುವುದಿಲ್ಲ.

ಹಣ ಬಂತು. ಹಣದಿಂದ ಏನೂ ಆಗುವುದಿಲ್ಲ ಅಂತ ಹೇಳುವವರ ಹತ್ತಿರ ನನಗೆ ಜಗಳ ಉಂಟು. ಸಹಕಾರಿ ಬ್ಯಾಂಕಿನ ಸಾಲ ತೀರಿತು. ಬಚ್ಚಲಿನ ಬಾಗಿಲು ಅಗಲ ಮಾಡಿಸಿ, ನೆಲಕ್ಕೆ ಜಾರದ ಟೈಲ್ಸ್ ಹಾಕಿಸಿದೆವು. ಈಗ ಅಮ್ಮ ಒಬ್ಬರೇ ಅವನನ್ನು ವ್ಹೀಲ್‌ಚೇರಿನಲ್ಲಿ ಒಳಗೆ ತಳ್ಳಿ ಸ್ನಾನ ಮಾಡಿಸುತ್ತಾರೆ. ಬೆನ್ನುನೋವು ಕಡಿಮೆಯಾಯಿತು. ಸಂಜೆ ಸಿಟ್ಟೂ ಕಡಿಮೆಯಾಯಿತು. ತಮ್ಮ ಬಡ್ಸ್ ಶಾಲೆಗೆ (ಇಂಥ ಮಕ್ಕಳ ವಿಶೇಷ ಶಾಲೆ) ಹೋಗುತ್ತಿದ್ದ ವರ್ಷಗಳು ಇನ್ನೂ ಚೆನ್ನಾಗಿದ್ದವು. ಬೆಳಿಗ್ಗೆ ಗಾಡಿ ಬಂದು ಕರೆದುಕೊಂಡು ಹೋದರೆ ಮಧ್ಯಾಹ್ನದ ಮೇಲೆ ವಾಪಸ್. ಆ ನಡುವೆ ಅಮ್ಮ ಮಲಗುತ್ತಿದ್ದರು. ಬೇರೆಯೇನೂ ಇಲ್ಲ, ಬರೀ ಮಲಗುತ್ತಿದ್ದರು.

ಈಗ ಉಳಿದಿರುವುದು ಒಂದೇ ಮಾತು. ಅಮ್ಮ ದಿನಾ ಹೇಳುತ್ತಾರೆ, "ನನ್ನ ಮೊದಲು ಅವನು ಹೋಗಬೇಕು." ಹೆತ್ತವಳು ಹೇಳುವ ಮಾತಾ ಇದು? ನಾನಿದ್ದೇನಲ್ಲ ಅಂದರೆ, ನಿನಗೂ ಸಂಸಾರ ಉಂಟು ಅನ್ನುತ್ತಾರೆ. ಇದಕ್ಕೆ ಯಾವ ಪಿಂಚಣಿ ಉಂಟು ಹೇಳಿ.

ನೀರ್ಚಾಲಿನವ

ಅಣ್ಣ, ಬರೆದದ್ದು ಒಳ್ಳೆಯದಾಯಿತು. ಉತ್ತರ ನನ್ನ ಹತ್ತಿರ ಇಲ್ಲ. ಗೊತ್ತಿದ್ದವರು ಹೇಳಿ.

ನಿರ್ವಾಹಕ

ಎಲ್ಲರಲ್ಲೂ ವಿನಂತಿ. ಯಾರ ಹೆಸರು, ವಾರ್ಡು, ಫೋಟೋ ಹಾಕಬೇಡಿ. ಸಹಾಯ ಮಾಡುತ್ತೇವೆ ಅಂತ ಖಾತೆ ನಂಬರ್ ಕೇಳಬೇಡಿ. ಎರಡು ಕಾಮೆಂಟ್ ತೆಗೆದಿದ್ದೇನೆ. ಒಂದು ಮಂತ್ರವಾದಿಯ ಜಾಹೀರಾತು.

ಗಡಿ ಸೋಶಿಯಲ್ ವರ್ಕರ್

ಎಣ್ಮಕಜೆ ಅಣ್ಣ, ಅಮ್ಮನ ಮಾತನ್ನು ನಾನು ಎಷ್ಟೋ ಅಮ್ಮಂದಿರ ಬಾಯಲ್ಲಿ ಕೇಳಿದ್ದೇನೆ. ಅದು ಕ್ರೂರ ಮಾತಲ್ಲ. ದಣಿವಿನ ಮಾತು. ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ, ಆದರೆ ಮಾಡಬಹುದಾದ್ದು ಕೆಲವು ಉಂಟು.

1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಲ್ಲಿ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹು ಅಂಗವಿಕಲತೆ ಇರುವವರಿಗೆ 18 ದಾಟಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ತಮ್ಮನ ಪಾಲಕರು ಯಾರು, ಅವನ ಹೆಸರಿನ ಹಣ ಯಾರು ನೋಡುತ್ತಾರೆ ಅನ್ನುವುದು ಕಾಗದದಲ್ಲಿ ಬರುತ್ತದೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಗೆ ಸಿಗುತ್ತದೆ. ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ ಆಶ್ವಾಸಕಿರಣಂ ನಿಮಗೆ ಗೊತ್ತಿರಬೇಕು. 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ ಅಂತ ಬೇರೆ ಉಂಟು, ನಿಮ್ಮ ಪಂಚಾಯತಿನಲ್ಲೋ ಪಕ್ಕದ್ದರಲ್ಲೋ ಗಾಡಿ ವ್ಯವಸ್ಥೆ ಸಮೇತ ಸಿಗುತ್ತದಾ ವಿಚಾರಿಸೋಣ.

ಇನ್ನೊಂದು. ಅಮ್ಮನನ್ನೂ ಒಮ್ಮೆ ಕ್ಲಿನಿಕ್‌ಗೆ ತೋರಿಸಿ. ತಮ್ಮನ ಜೊತೆ ಬಂದವರಾಗಿ ಅಲ್ಲ, ಅವರ ಹೆಸರಿನಲ್ಲೇ ಚೀಟಿ ಮಾಡಿಸಿ.

ಎಣ್ಮಕಜೆ

600 ಗೊತ್ತು ಅಕ್ಕ. ಪಾಲಕರ ಕಾಗದದ ವಿಷಯ ಇವತ್ತೇ ಕೇಳಿದ್ದು. ಯಾವುದೆಲ್ಲ ಬೇಕು? ಚೀಲ ಇನ್ನೂ ಉಂಟು.

ಗಡಿ ಸೋಶಿಯಲ್ ವರ್ಕರ್

ತಮ್ಮನ ಅಂಗವಿಕಲತೆ ಪ್ರಮಾಣಪತ್ರ, ಅವನದ್ದೂ ಪಾಲಕರಾಗುವವರದ್ದೂ ಆಧಾರ್, ವಯಸ್ಸಿನ ದಾಖಲೆ, ಫೋಟೋ. ಅಮ್ಮ ಒಪ್ಪಿ ಸಹಿ ಹಾಕಬೇಕು. ಅರ್ಜಿ ಕನ್ನಡದಲ್ಲೇ ಬರೆಯಿರಿ, ನಾವು ಭಾಷಾ ಅಲ್ಪಸಂಖ್ಯಾತರು, ಬೇಡ ಅನ್ನುವ ಹಾಗಿಲ್ಲ. ನನಗೆ ಮೆಸೇಜ್ ಮಾಡಿ, ನೋಡಿಕೊಡುತ್ತೇನೆ.

ಆಶಾ ಅಕ್ಕ

ದೀರ್ಘ ಕಾಯಿಲೆಯವರನ್ನು ನೋಡುವ ಪಾಲಿಯೇಟಿವ್ ನರ್ಸ್ ನಿಮ್ಮ ಮನೆಗೆ ಬರುತ್ತಾರಲ್ಲ, ಅವರಿಗೂ ಹೇಳಿ. ಕೇರಳದ 2008ರ ಪಾಲಿಯೇಟಿವ್ ಪಾಲಿಸಿ ಬಂದ ಮೇಲೆ ಪಂಚಾಯತಿನ ಪಾಲಿಯೇಟಿವ್ ತಂಡ ಎಲ್ಲ ಕಡೆ ಉಂಟು. ಅಮ್ಮ ಹೊರಗೆ ಹೋಗುವ ದಿನ ತಮ್ಮನ ಹತ್ತಿರ ಕೂರಲು ವಾಲಂಟಿಯರ್ ಸಿಗುತ್ತಾರಾ ಅಂತ ನಾನೂ ಕೇಳುತ್ತೇನೆ.

ದುಬೈ ಟು ಉಪ್ಪಳ

ಕೂರುವುದಕ್ಕೆ ನಾನು ಬರುತ್ತೇನೆ. ಕೂತು ಅಭ್ಯಾಸ ಉಂಟು.

ಅಡಿಕೆ ಮಂಡಿ

ನನ್ನ ಅಭಿಪ್ರಾಯ ಬದಲಾಗಿಲ್ಲ. ಮನೆಯವರು ನೋಡಬೇಕಾದ್ದನ್ನು ಮನೆಯವರೇ ನೋಡಬೇಕು. ಆದರೆ ಆ ಅಮ್ಮ ಬಸ್ಸಿನಲ್ಲಿ ಕಲೆಕ್ಟರ್ ಆಫೀಸಿಗೆ ಹೋಗುವುದು ಬೇಡ. ವಿದ್ಯಾನಗರಕ್ಕೆ ಎರಡು ಬಸ್ಸು ಬದಲಿಸಬೇಕು. ನನ್ನ ಜೀಪು ಪೆರ್ಲದಲ್ಲೇ ಇರುತ್ತದೆ. ಸೋಮವಾರ ಮಂಡಿ ಉಂಟು, ಬೇರೆ ಯಾವ ದಿನವಾದರೂ ಹೇಳಿ.

ಎಣ್ಮಕಜೆ

ಭಟ್ರೇ, ಗುರುವಾರ ಆಗಬಹುದಾ? ಅಮ್ಮನಿಗೆ ಹಿಂದೆ ಕೂತರೆ ವಾಂತಿಯಾಗುತ್ತದೆ. ಮುಂದಿನ ಸೀಟು ಬೇಕು.